ಮೇಷ್ಟ್ರ ಕೈಯಳತೆ

ಶಾಮಣ್ಣ ಮೇಷ್ಟ್ರ ತೋರುಬೆರಳಿಗೂ ವಿಷ್ಣುವಿನ ಡ್ರಿಲ್ಲಿಂಗ್ ಮೆಷಿನ್ನಿನ ಸ್ವಿಚ್ಚಿಗೂ ನಡುವೆ ಸರಿಯಾಗಿ ಅರ್ಧ ಇಂಚು ಅಂತರ ಉಳಿಯುತ್ತಿತ್ತು. ಅಂದಾಜಿನ ಮಾತಲ್ಲ. ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಮನುಷ್ಯ, ಸ್ಕೇಲಿಟ್ಟೇ ನೋಡಿದ್ದ.

ಆ ಭಾನುವಾರ ಬೆಳಿಗ್ಗೆ ಹೆಂಡತಿ ವಾರಿಜಾ ತನ್ನ ಅಮ್ಮನನ್ನು ಕರೆತರಲು ಗೊಟ್ಟಿಗೆರೆಯ ಅಣ್ಣನ ಮನೆಗೆ ಹೊರಟಿದ್ದೇ ತಡ, ಶಾಮಣ್ಣ ಬಾಗಿಲಿಗೆ ಚಿಲಕ ಹಾಕಿಕೊಂಡು ಮೆಷಿನ್ನನ್ನು ಎತ್ತಿದ್ದ. ಹಿಡಿಯನ್ನು ಹಿಡಿದರೆ ಬೆರಳು ಸ್ವಿಚ್ಚಿಗೆ ಎಟುಕದು. ಬೆರಳು ಸ್ವಿಚ್ಚಿಗೆ ಎಟುಕಿದರೆ ಹಿಡಿ ಕೈಯಲ್ಲಿ ನಿಲ್ಲದು. ಕೊನೆಗೆ ಎರಡೂ ಕೈಯಿಂದ ತಬ್ಬಿಕೊಂಡು ಒತ್ತಿದ. ಮೆಷಿನ್ನು ಹಗ್ಗ ಬಿಚ್ಚಿದ ಕರುವಿನಂತೆ ಅವನನ್ನೇ ಎಳೆದುಕೊಂಡು ಹೋಗಿ, ಗೋಡೆಯ ಮೇಲೆ ಉದ್ದಕ್ಕೊಂದು ಗೀರು ಕೊರೆದು, ಕ್ಯಾಲೆಂಡರಿನ ಎರಡು ತಿಂಗಳನ್ನು ಹರಿದುಹಾಕಿ ನಿಂತಿತು.

ಆಗಬೇಕಿದ್ದ ಕೆಲಸ ದೊಡ್ಡದೇನಲ್ಲ, ಒಂದೇ ಒಂದು ತೂತು. ವಾರಿಜಾಳ ಅಪ್ಪ ತೀರಿಕೊಂಡು ವರ್ಷ ತುಂಬಿತ್ತು. ಅವರ ಫೋಟೊಗೆ ತೇಗದ ಕಟ್ಟು ಹಾಕಿಸಿ ತಂದು ಹಾಲಿನ ಕುರ್ಚಿಯಲ್ಲಿ ಕೂರಿಸಿ ಹದಿನೈದು ದಿನವಾಗಿತ್ತು. ಸಂಜೆ ಅತ್ತೆ ಒಳಗೆ ಬರುವಾಗ ಅದು ಗೋಡೆಯ ಮೇಲಿರಬೇಕು. ಮೊಳೆ ಹೊಡೆದರೆ ಮೊಳೆಯೇ ಬಾಗುವಂಥ ಗೋಡೆ, ಕೊರೆದು ಸ್ಕ್ರೂ ಹಾಕದೆ ಬೇರೆ ದಾರಿಯಿಲ್ಲ.

ಪದ್ಮನಾಭನಗರದ ಆ ಆರು ಮನೆಗಳ ಕಟ್ಟಡದಲ್ಲಿ ಯಾರಿಗೆ ಎಲ್ಲಿ ತೂತು ಬೇಕಾದರೂ ಕೊರೆದುಕೊಡುವವನು ಕೆಳಮನೆಯ ವಿಷ್ಣು. ಕರೆದರೆ ಊಟದ ಎಲೆ ಬಿಟ್ಟು ಬರುವ ಒಳ್ಳೆಯವನು. ಆದರೆ ಈ ಒಂದು ತೂತನ್ನು ಶಾಮಣ್ಣ ತಾನೇ ಕೊರೆಯಬೇಕಿತ್ತು. ಅದಕ್ಕೆ ಕಾರಣ ಇಪ್ಪತ್ತೆರಡು ವರ್ಷ ಹಿಂದಿನದು. ಮದುವೆಯಲ್ಲಿ ಧಾರೆ ಎರೆಯುವಾಗ ಮಾವನವರು ಇಟ್ಟ ತೆಂಗಿನಕಾಯಿ ಮದುಮಗನ ಬೊಗಸೆಯಲ್ಲಿ ಕೂರದೆ ಉರುಳಿ ಪುರೋಹಿತರ ಮಡಿಲಿಗೆ ಬಿದ್ದಿತ್ತು. "ಅಳಿಯಂದಿರ ಕೈ ಬಹಳ ಮುದ್ದಾಗಿದೆ. ಯಾರೂ ಭಾರದ ಕೆಲಸ ಹೇಳ್ಬೇಡಿ" ಎಂದು ಮಾವನವರು ನಕ್ಕಿದ್ದರು, ಮಂಟಪವೆಲ್ಲ ನಕ್ಕಿತ್ತು. ಅಕ್ಕರೆಯ ಮಾತೇ. ಅದೇ ಅಕ್ಕರೆಯಿಂದ ಸಾಯುವವರೆಗೂ ಅವರು ಅಳಿಯನ ಕೈಯಲ್ಲಿ ಒಂದು ಸ್ಟೂಲನ್ನೂ ಎತ್ತಿಸಲಿಲ್ಲ. ಶಾಮಣ್ಣನಿಗೆ ಮಾವನೆಂದರೆ ಪ್ರಾಣ. ಅವರ ಫೋಟೊವನ್ನಾದರೂ ತನ್ನ ಕೈಯಾರೆ ಮೇಲೇರಿಸಿ, ನೋಡಿ ಮಾವ ಎನ್ನಬೇಕೆಂದು ಅವನ ಆಸೆ.

ಮದುವೆಯ ಆ ದಿನದಿಂದ ಅವನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಓಡಾಡುವುದನ್ನು ಅಭ್ಯಾಸ ಮಾಡಿಕೊಂಡಿದ್ದ. ಕಟ್ಟಡದವರು ಅದನ್ನು ಮೇಷ್ಟ್ರ ಗಾಂಭೀರ್ಯ ಎಂದುಕೊಂಡಿದ್ದರು. ಡ್ರಿಲ್ ಹಿಡಿಯಿರಿ ಎಂದು ವಿಷ್ಣು ಕೊಡಲು ಬಂದಾಗಲೆಲ್ಲ "ನಂಗೆ ಕರೆಂಟ್ ಅಂದ್ರೆ ಭಯ ಕಣ್ರೀ" ಎಂದು ಜಾರಿಕೊಳ್ಳುತ್ತಿದ್ದ. ಪುಕ್ಕಲ ಎನ್ನಿಸಿಕೊಂಡರೂ ಆದೀತು, ಪುಟ್ಟ ಕೈಯವನು ಎನ್ನಿಸಿಕೊಳ್ಳಲಾರೆ ಎಂಬುದು ಅವನ ಲೆಕ್ಕ. ಈಗಲೂ ಶಾಲೆಯಲ್ಲಿ ಮಕ್ಕಳಿಗೆ ತೋರಿಸಲು ಎಂದು ಸುಳ್ಳು ಹೇಳಿಯೇ ಮೆಷಿನ್ನನ್ನು ತಂದಿಟ್ಟುಕೊಂಡಿದ್ದ.

ಹರಿದ ಕ್ಯಾಲೆಂಡರನ್ನು ಗೀರಿನ ಮೇಲೆ ಸರಿಸಿ, ಶಾಮಣ್ಣ ಸ್ಕೂಟರ್ ಹತ್ತಿದ. ತನ್ನ ಕೈಗೆ ಆಗುವಂಥ ಡ್ರಿಲ್ಲು ಈ ಬೆಂಗಳೂರಿನಲ್ಲಿ ಎಲ್ಲೋ ಒಂದು ಕಡೆ ಇದ್ದೇ ಇರಬೇಕು.

ಯಡಿಯೂರಿನ ಮೊದಲ ಹಾರ್ಡ್‌ವೇರ್ ಅಂಗಡಿಯವನು ವಿಷ್ಣುವಿನದಕ್ಕಿಂತ ದಪ್ಪನೆಯದನ್ನು ತೆಗೆದು ಗಲ್ಲಾದ ಮೇಲೆ ಇಟ್ಟ.

"ಗಟ್ಟಿ ಮಾಲು ಸಾರ್. ಮೂರು ತಲೆಮಾರು ಬರತ್ತೆ."

"ಇದಕ್ಕಿಂತ ಸ್ವಲ್ಪ ಚಿಕ್ಕದು..."

"ಯಾರಿಗೆ ಸಾರ್?"

ಶಾಮಣ್ಣನ ಎರಡೂ ಕೈ ತಾವಾಗಿಯೇ ಬೆನ್ನ ಹಿಂದೆ ಹೋದವು. "ನಮ್ಮ ಮನೆಯವರಿಗೆ" ಎಂದ.

ಅಂಗಡಿಯವನ ಮುಖ ಅರಳಿತು. ಅಟ್ಟದಿಂದ ಗುಲಾಬಿ ಬಣ್ಣದ ಡಬ್ಬಿಯೊಂದನ್ನು ಇಳಿಸಿ ಧೂಳು ಒರೆಸಿದ. ಒಳಗೆ ಗುಲಾಬಿ ಸುತ್ತಿಗೆ, ಗುಲಾಬಿ ಕತ್ತರಿ, ಗುಲಾಬಿ ಟೇಪು ಇದ್ದವು.

"ಇದರಲ್ಲಿ ತೂತು ಕೊರೆಯೋದು ಯಾವುದು?"

"ಕೊರೆಯೋಕೆ ನೀವಿದೀರಲ್ಲ ಸಾರ್."

ಶಾಮಣ್ಣ ಮೆಟ್ಟಿಲಿಳಿದ. ಇನ್ನೂ ಎರಡು ಅಂಗಡಿ ಸುತ್ತಿದ. ಒಬ್ಬ "ಕಾರ್ಪೆಂಟರ್ ನಂಬರ್ ಕೊಡ್ಲಾ?" ಎಂದ, ಇನ್ನೊಬ್ಬ ಮಕ್ಕಳ ಆಟದ ಸಾಮಾನಿನ ಅಂಗಡಿಯ ದಾರಿ ತೋರಿಸಿದ. ನಾಲ್ಕನೆಯದು ಜಯನಗರದಲ್ಲಿ, ಬರೀ ಕರೆಂಟಿನ ಉಪಕರಣಗಳದ್ದೇ ಅಂಗಡಿ. ಗಲ್ಲಾದಲ್ಲಿ ಕೂತಿದ್ದವಳು ಮಾಲೀಕಳೇ. ತೇಜಸ್ವಿನಿ ಎಂದು ಅಂಗಿಯ ಮೇಲೆ ಹೆಸರಿತ್ತು. ಹೆಂಡತಿಗೆ ಬೇಕು, ಕೈ ಚಿಕ್ಕದು ಎಂದ ಕೂಡಲೇ ಅವಳು ಕನ್ನಡಕ ಮೇಲೇರಿಸಿದಳು.

"ಎಲ್ರೂ ತೂಕ ನೋಡ್ತಾರೆ ಸಾರ್. ತೂಕ ಆಮೇಲಿನ ಮಾತು. ಹಿಡಿ ಎಷ್ಟು ದಪ್ಪ, ಸ್ವಿಚ್ ಎಷ್ಟು ದೂರ, ಅದು ಮುಖ್ಯ. ಬ್ಯಾಟರೀನ ಹಿಡಿಯೊಳಗೇ ತುರುಕಿದ್ರೆ ಹಿಡಿ ದಪ್ಪ ಆಗೋಗತ್ತೆ. ಬ್ಯಾಟರಿ ಕೆಳಗಡೆ ಪಾದದ ಥರ ಇರ್ಬೇಕು. ಆಗ ಹಿಡಿ ತೆಳ್ಳಗಿರತ್ತೆ. ಚಿಕ್ಕ ಕೈಯೋರು ತಪ್ಪು ಮೆಷಿನ್ ಹಿಡ್ಕೊಂಡು, ತಮ್ಮ ಕೈಯೇ ಸರಿ ಇಲ್ಲ ಅನ್ಕೊಂಡ್ಬಿಡ್ತಾರೆ, ಪಾಪ."

ಇಪ್ಪತ್ತೆರಡು ವರ್ಷದಲ್ಲಿ ಯಾರೂ ಶಾಮಣ್ಣನಿಗೆ ಇಂಥ ಮಾತು ಆಡಿರಲಿಲ್ಲ. ಆ ಕೈ ನನ್ನದೇ ಮೇಡಂ ಎಂದು ಹೇಳಿಯೇಬಿಡುತ್ತಿದ್ದ. ಅಷ್ಟರಲ್ಲಿ ಪಕ್ಕದಲ್ಲಿ ಇಬ್ಬರು ಬಡಗಿಗಳು ಬಂದು ನಿಂತು, ಮಣೆಯಂಥ ಅಂಗೈಗಳನ್ನು ಗಾಜಿನ ಮೇಲೆ ಊರಿದರು. ಶಾಮಣ್ಣ ಬಾಯಿ ಮುಚ್ಚಿಕೊಂಡ.

"ಮೇಡಂನ ಕರ್ಕೊಂಡ್ ಬನ್ನಿ, ಕೈಗೆ ಕೊಟ್ಟು ನೋಡೋಣ" ಎಂದಳು ತೇಜಸ್ವಿನಿ.

"ಅವಳಿಗೆ ಮಂಡಿನೋವು. ಮೆಟ್ಟಿಲು ಇಳಿಯಲ್ಲ."

"ಮಂಡಿನೋವು ಇಟ್ಕೊಂಡು ಗೋಡೆ ಕೊರೀತಾರಾ?"

"ಕೂತ್ಕೊಂಡು ಕೊರೀತಾಳೆ" ಎಂದ ಶಾಮಣ್ಣ.

ತೇಜಸ್ವಿನಿ ಅವನನ್ನೊಮ್ಮೆ ನೋಡಿದಳು. "ಹಾಗಾದ್ರೆ ಅಳತೆ ತನ್ನಿ ಸಾರ್. ಟೈಲರ್‌ಗೆ ಅಳತೆ ಬ್ಲೌಸ್ ಕೊಡಲ್ವಾ, ಹಾಗೇನೇ. ಕೈನ ಕಾಗದದ ಮೇಲೆ ಊರಿಸಿ, ಸುತ್ತ ಪೆನ್ನಲ್ಲಿ ಗೆರೆ ಹಾಕ್ಕೊಂಡ್ ಬನ್ನಿ. ಅಳತೆ ಇಲ್ದೆ ನಾನು ಮಾರಲ್ಲ. ಆಮೇಲೆ ಎಲ್ರೂ ವಾಪಸ್ ತರ್ತಾರೆ."

ಪಕ್ಕದಲ್ಲೇ ಒಂದು ದರ್ಶಿನಿ ಇತ್ತು. ಶಾಮಣ್ಣ ಕಾಫಿ ಕೊಂಡು, ಮೂಲೆಯ ನಿಂತು ತಿನ್ನುವ ಮೇಜಿಗೆ ಹೋದ. ಯಾರೋ ಕುಡಿದು ಬಿಟ್ಟುಹೋದ ಲೋಟ ಅಲ್ಲೇ ಇತ್ತು. ಬಾಗಿಲಲ್ಲಿ ಯಾರೋ ಕೊಟ್ಟ ಟ್ಯೂಷನ್ ಜಾಹೀರಾತನ್ನು ತಿರುಗಿಸಿ, ಎಡಗೈಯಲ್ಲಿ ಪೆನ್ನು ಹಿಡಿದು ಬಲಗೈಯ ಸುತ್ತ ಗೆರೆ ಎಳೆದ. ಎಳೆದು ಮುಗಿಸಿ, ಮಸಿ ಒಣಗಲೆಂದು ಊದುತ್ತಿದ್ದಾಗ ಹಿಂದಿನಿಂದ ದನಿ ಬಂತು.

"ಏನ್ ಸಾರ್, ಇಲ್ಲಿ?"

ಭಾಗ್ಯಜ್ಯೋತಿ. ಕೈಯಲ್ಲಿ ಇಡ್ಲಿ ತಟ್ಟೆ. ಮೇಲ್ಮನೆಯವಳು, ವಾರಿಜಾಳ ಜೀವದ ಗೆಳತಿ. ಪ್ರತಿ ಗೌರಿಹಬ್ಬಕ್ಕೂ ಇಬ್ಬರೂ ಒಟ್ಟಿಗೆ ಬಳೆ ತೊಡಿಸಿಕೊಳ್ಳಲು ಹೋಗುವವರು.

"ಇದೇನು, ಕೈ ಚಿತ್ರ?"

"ವಾರಿಜಾಂದು" ಎಂದ ಶಾಮಣ್ಣ. ಬೆಳಿಗ್ಗೆಯಿಂದ ಹೇಳಿ ಹೇಳಿ ಆ ಸುಳ್ಳು ನಾಲಿಗೆಯ ತುದಿಯಲ್ಲೇ ಕೂತಿತ್ತು. "ಅವಳಿಗೆ ಒಂದು ಸಾಮಾನು ತಗೋಬೇಕಿತ್ತು. ಬೆಳಿಗ್ಗೆ ಅಳತೆ ಹಾಕ್ಕೊಂಡು ಬಂದೆ."

"ಹೌದಾ" ಎಂದಳು ಭಾಗ್ಯಜ್ಯೋತಿ. ಕಾಗದವನ್ನು ಎತ್ತಿ ನೋಡಿದಳು. ಅವಳ ಹೆಬ್ಬೆರಳಿಗೆ ಹಸಿ ಮಸಿ ಅಂಟಿತು. ಮೇಜಿನ ಮೇಲಿದ್ದ ಎರಡು ಲೋಟಗಳನ್ನು ನೋಡಿದಳು. ವಾರಿಜಾಳ ಬಳೆಯ ಅಳತೆ ಟೂ ಟೆನ್. ಬಳೆಗಾರ ಪ್ರತಿ ಸಲವೂ ಸೋಪು ಹಚ್ಚಿ ತಳ್ಳುವುದನ್ನು ಅವಳು ಕಣ್ಣಾರೆ ಕಂಡವಳು. ಈ ಕಾಗದದ ಕೈಗೆ ಟೂ ಫೋರ್ ಬಳೆಯೂ ಸಡಿಲವಾದೀತು. "ತುಂಬ ಚೆನ್ನಾಗಿ ಬಂದಿದೆ ಸಾರ್, ಒಂದು ಫೋಟೊ ತಗೊಳ್ತೀನಿ" ಎಂದು ಫೋನು ತೆಗೆದು, ಕ್ಲಿಕ್ಕಿಸಿ, ಇಡ್ಲಿಯನ್ನೂ ತಿನ್ನದೆ ಹೊರಟುಹೋದಳು.

ಶಾಮಣ್ಣನಿಗೆ ಅದರ ಬಗ್ಗೆ ಯೋಚಿಸಲು ಪುರುಸೊತ್ತಿರಲಿಲ್ಲ. ತೇಜಸ್ವಿನಿ ಕಾಗದವನ್ನು ಗಾಜಿನ ಮೇಲೆ ಹರಡಿ, ಟೇಪಿಟ್ಟು ಅಳೆದಳು.

"ಮುದ್ದಾದ ಕೈ ಸಾರ್ ಮೇಡಂದು. ಕಿರುಬೆರಳು ಡೊಂಕಾ?"

"ಚಿಕ್ಕೋನಾಗಿದ್ದಾಗ ಬಾಗಿಲಿಗೆ ಸಿಕ್ಕಿಸ್ಕೊಂಡಿದ್ದೆ" ಎಂದವನು ಬೆವರಿ, "ಸಿಕ್ಕಿಸ್ಕೊಂಡಿದ್ಲು" ಎಂದ.

ಅವಳು ಒಂದು ಡ್ರಿಲ್ಲನ್ನು ಆರಿಸಿಕೊಟ್ಟು, ಬಿಲ್ಲು ಬರೆಯಲು ಒಳಗೆ ಹೋದಳು. ಬಡಗಿಗಳು ಅತ್ತ ತಿರುಗಿದ್ದರು. ಶಾಮಣ್ಣ ಕಳ್ಳನಂತೆ ಕೈ ಚಾಚಿ ಎತ್ತಿಕೊಂಡ. ನಾಲ್ಕು ಬೆರಳೂ ಹಿಡಿಯನ್ನು ಸುತ್ತಿ ಬಂದವು. ತೋರುಬೆರಳು ತಾನಾಗಿ ಹೋಗಿ ಸ್ವಿಚ್ಚಿನ ಮೇಲೆ ಕೂತಿತು. ಅರ್ಧ ಇಂಚೂ ಇಲ್ಲ, ಅರ್ಧ ಕೂದಲೂ ಇಲ್ಲ. ಒತ್ತಿದರೆ ಅದು ಸಣ್ಣಗೆ ಗುಂಯ್ ಎಂದಿತು, ಕೈ ನಡುಗಲಿಲ್ಲ. ಶಾಮಣ್ಣನ ಕಣ್ಣು ಒದ್ದೆಯಾಯಿತು. ಇಷ್ಟು ವರ್ಷ ತನ್ನ ಕೈಯನ್ನು ಬೈದುಕೊಂಡದ್ದಕ್ಕೆ ಅದರ ಕ್ಷಮೆ ಕೇಳಬೇಕೆನ್ನಿಸಿತು.

ಮನೆಗೆ ಬಂದಾಗ ಮೂರೂವರೆ. ಗೇಟಿನ ಒಳಗೆ ಪ್ಲಾಸ್ಟಿಕ್ ಕುರ್ಚಿಗಳು ಸಾಲಾಗಿ ಬಿದ್ದಿದ್ದವು. ನಡುವಿನ ಕುರ್ಚಿಯಲ್ಲಿ ಮೂರನೇ ಮಹಡಿಯ ಅಣ್ಣಮ್ಮನವರು. ಎಪ್ಪತ್ತೆರಡರ ಆ ಹಿರಿಯರು ಮೆಟ್ಟಿಲಿಳಿದು ಬಂದಿದ್ದಾರೆಂದರೆ ವಿಷಯ ನೀರಿನ ಟ್ಯಾಂಕಿಗಿಂತ ದೊಡ್ಡದೇ ಇರಬೇಕು. ಒಂದು ಪಕ್ಕ ವಿಷ್ಣು, ಇನ್ನೊಂದು ಪಕ್ಕ ಭಾಗ್ಯಜ್ಯೋತಿ.

"ಬಾಪ್ಪ ಶಾಮಣ್ಣ, ಕೂತ್ಕೋ. ಬಿಸಿಲಲ್ಲಿ ಬಂದಿದೀಯ, ನೀರು ಕುಡಿ" ಎಂದರು ಅಣ್ಣಮ್ಮ. ಅವನು ಕುಡಿಯುವವರೆಗೂ ಕಾದರು. ಆಮೇಲೆ ಫೋನಿನ ಪರದೆಯನ್ನು ಅವನತ್ತ ತಿರುಗಿಸಿದರು. "ಈಗ ಹೇಳು. ಈ ಕೈ ಯಾರ್ದು?"

ಶಾಮಣ್ಣನಿಗೆ ನೀರು ಮೂಗಿಗೆ ಹತ್ತಿತು.

"ವಾರಿಜಾಂದು ಅಂದ್ಯಂತೆ" ಎಂದರು ಅಣ್ಣಮ್ಮ. "ಅವಳ ಕೈಯಲ್ಲಿ ಇಂಥವು ಎರಡು ಹಿಡೀತವೆ."

"ಮಸಿ ಇನ್ನೂ ಆರಿರ್ಲಿಲ್ಲ ಆಂಟಿ, ಲೋಟ ಎರಡಿತ್ತು" ಎಂದಳು ಭಾಗ್ಯಜ್ಯೋತಿ. ಅವಳ ದನಿಯಲ್ಲಿ ಸಿಟ್ಟಿಗಿಂತ ದುಃಖವೇ ಹೆಚ್ಚಾಗಿತ್ತು.

ವಿಷ್ಣು ಕುರ್ಚಿ ಎಳೆದುಕೊಂಡು ಹತ್ತಿರ ಬಂದ. "ಮೇಷ್ಟ್ರೇ, ನಾವು ಹೊರಗಿನೋರಲ್ಲ. ಮನುಷ್ಯ ಅಂದ್ಮೇಲೆ ಕಾಲು ಜಾರತ್ತೆ." ಅವನ ಕಣ್ಣು ಶಾಮಣ್ಣನ ಮಡಿಲಿನ ಪೆಟ್ಟಿಗೆಯ ಮೇಲೆ ಬಿತ್ತು. ಮೇಲಿನ ಚಿತ್ರ ನೋಡಿ ಹುಬ್ಬು ಗಂಟಿಕ್ಕಿದ. "ಆದ್ರೆ ಡ್ರಿಲ್ ಯಾಕೆ ಕೊಡ್ಸೋಕೆ ಹೋದ್ರಿ? ಸೀರೆ ಕೊಡ್ಸೋದಲ್ವಾ?"

ಶಾಮಣ್ಣ ಮನಸ್ಸಿನಲ್ಲೇ ತಕ್ಕಡಿ ಹಿಡಿದ. ಒಂದು ತಟ್ಟೆಯಲ್ಲಿ ಐವತ್ತರ ಹೊಸ್ತಿಲಲ್ಲಿ ದಾರಿ ತಪ್ಪಿದ ಮೇಷ್ಟ್ರು. ಇನ್ನೊಂದರಲ್ಲಿ ಪುಟ್ಟ ಕೈಯ ಮೇಷ್ಟ್ರು. ನಾಚಿಕೆಯ ಸಂಗತಿಯೆಂದರೆ, ಎರಡು ನಿಮಿಷ ಕಳೆದರೂ ಯಾವುದು ಭಾರವೆಂದು ಅವನಿಗೆ ತೀರ್ಮಾನಿಸಲು ಆಗಲಿಲ್ಲ. ಅವನ ಎರಡೂ ಕೈ ಬೆನ್ನ ಹಿಂದೆ ಸೇರಿಕೊಂಡವು.

ಗೇಟಿನ ಮುಂದೆ ಆಟೋ ನಿಂತಿತು. ವಾರಿಜಾ ಇಳಿದು, ಅಮ್ಮನ ಕೈ ಹಿಡಿದು ಇಳಿಸಿದಳು. ಕುರ್ಚಿಗಳನ್ನೂ ಮುಖಗಳನ್ನೂ ನೋಡಿದಳು.

"ಭಾಗ್ಯ, ಅದೇನೇ ಫೋಟೊ ಕಳ್ಸಿ 'ಬೇಗ ಬಾ, ಧೈರ್ಯವಾಗಿರು' ಅಂತ ಬರೆದಿದೀಯ? ನಾನು ಯಾರಿಗೋ ಏನೋ ಆಯ್ತು ಅಂತ ಓಡಿ ಬಂದೆ. ಅದು ಇವರ ಕೈ ಅಲ್ವಾ?"

ಭಾಗ್ಯಜ್ಯೋತಿ ಅಣ್ಣಮ್ಮನವರ ಕೈಯಲ್ಲಿದ್ದ ಫೋನಿನತ್ತ ಬಗ್ಗಿದಳು.

"ಕಿರುಬೆರಳು ನೋಡು, ಡೊಂಕು" ಎಂದಳು ವಾರಿಜಾ. "ಇಪ್ಪತ್ತೆರಡು ವರ್ಷ ಹಿಡ್ಕೊಂಡಿರೋ ಕೈ, ನಂಗೆ ಗೊತ್ತಾಗಲ್ವಾ?"

ಅವನ ಮಾನ ಉಳಿಯಿತು, ಗುಟ್ಟು ಹೋಯಿತು. ಎಲ್ಲರ ಕಣ್ಣೂ ಶಾಮಣ್ಣನ ಬೆನ್ನ ಹಿಂದಕ್ಕೆ ಹೊರಳಿದವು. "ತೋರ್ಸು" ಎಂದರು ಅಣ್ಣಮ್ಮ. ಶಾಮಣ್ಣ ಕಣ್ಣು ಮುಚ್ಚಿಕೊಂಡು, ಮಂಟಪದ ಆ ನಗುವನ್ನೇ ನಿರೀಕ್ಷಿಸುತ್ತ, ಎರಡೂ ಕೈಯನ್ನು ಮುಂದೆ ತಂದ.

ನಗು ಬರಲಿಲ್ಲ. ಅಣ್ಣಮ್ಮನವರು ಅವನ ಮಣಿಕಟ್ಟು ಹಿಡಿದು, ಮಾರ್ಕೆಟ್ಟಿನಲ್ಲಿ ಬದನೆಕಾಯಿ ನೋಡುವ ಹಾಗೆ ಆ ಕಡೆ ಈ ಕಡೆ ತಿರುಗಿಸಿ ನೋಡಿದರು.

"ಇಷ್ಟು ದಿನ ಎಲ್ಲಿಟ್ಟಿದ್ಯೋ ಈ ಕೈನ?" ಎಂದರು. "ನಮ್ಮನೆ ವಾಷಿಂಗ್ ಮೆಷಿನ್ ಹಿಂದೆ ನನ್ನ ಓಲೆ ಬಿದ್ದು ಆರು ತಿಂಗಳಾಯ್ತು. ಮಗ ನೋಡ್ದ, ಅಳಿಯ ನೋಡ್ದ, ವಿಷ್ಣು ನೋಡ್ದ. ಯಾರ ಕೈಯೂ ಹೋಗ್ಲಿಲ್ಲ. ಏಳು, ಬಾ."

"ಅಣ್ಣಮ್ಮನೋರೇ, ನಾನು ಫೋಟೊಗೆ ಒಂದು ತೂತು..."

"ಎರಡು ನಿಮಿಷ ಕಣೋ."

ಎದುರು ಹೇಳುವುದಾದರೂ ಹೇಗೆ? ಶಾಮಣ್ಣ ಪೆಟ್ಟಿಗೆಯನ್ನು ವಾರಿಜಾಳ ಕೈಗೆ ಕೊಟ್ಟ. "ಒಳಗಿಡು. ದಯವಿಟ್ಟು ಇದನ್ನ ಯಾರೂ ಮುಟ್ಬೇಡಿ. ಈಗ ಬಂದೆ."

ವಾಷಿಂಗ್ ಮೆಷಿನ್ನಿನ ಹಿಂದಿನ ಸಂದಿನಲ್ಲಿ ಓಲೆಯ ಜೊತೆಗೆ ಎರಡು ಚಮಚ, ಒಂದು ಹಲ್ಲುಸೆಟ್ಟಿನ ಡಬ್ಬಿ ಸಿಕ್ಕಿದವು. ಅಣ್ಣಮ್ಮನವರು ಅವನ ತಲೆ ಮುಟ್ಟಿ ಆಶೀರ್ವಾದ ಮಾಡಿದರು. ಬಾಗಿಲಲ್ಲೇ ಭಾಗ್ಯಜ್ಯೋತಿ ನಿಂತಿದ್ದಳು. ಅವಳು ಕ್ಷಮೆ ಕೇಳಿದ ರೀತಿ ನೋಡಿ ಶಾಮಣ್ಣನಿಗೇ ಪಾಪವೆನ್ನಿಸಿತು. ಕ್ಷಮೆ ಕೇಳಿ ಮುಗಿಸಿ, ಸಿಂಕಿನ ಪೈಪಿನೊಳಗೆ ನಿಂಬೆಹಣ್ಣು ಸಿಕ್ಕಿಕೊಂಡಿದೆ ಸಾರ್ ಎಂದಳು. ಅದಾದ ಮೇಲೆ ವಿಷ್ಣು ಕಾರಿನ ಸೀಟಿನ ಸಂದಿನಲ್ಲಿ ಬಿದ್ದ ಬೀಗದಕೈಯನ್ನು ತೋರಿಸಿದ. ಮಣ್ಣು ಮೆತ್ತಿದ ಮೊಣಕೈಯೊಂದಿಗೆ ಶಾಮಣ್ಣ ಅದನ್ನು ಎಳೆದು ತೆಗೆದಾಗ, ಡ್ರಿಲ್ಲಿನ ಒಡೆಯನಾದ ಆ ವಿಷ್ಣು ತನ್ನ ಅಗಲ ಅಂಗೈಗಳನ್ನು ನೋಡಿಕೊಂಡು, "ದೇವರು ಕೊಟ್ರೆ ನಿಮ್ಮಂಥ ಕೈ ಕೊಡ್ಬೇಕು ಮೇಷ್ಟ್ರೇ" ಎಂದ. ಶಾಮಣ್ಣನಿಗೆ ಇಷ್ಟವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ.

ಎಲ್ಲ ಮುಗಿಸಿ ಮೆಟ್ಟಿಲು ಹತ್ತುವಾಗ ಆರೂವರೆ ಆಗಿತ್ತು. ಅತ್ತೆ ಆಗಲೇ ಒಳಗೆ ಬಂದಿದ್ದಾರೆ, ಫೋಟೊ ಇನ್ನೂ ಕುರ್ಚಿಯಲ್ಲಿದೆ. ಇರಲಿ. ಅವರ ಎದುರಿಗೇ ಕೊರೆದರಾಯಿತು, ಇನ್ನೂ ಒಳ್ಳೆಯದೇ. ಹೀಗೆಂದುಕೊಳ್ಳುತ್ತ ಬಾಗಿಲ ಹತ್ತಿರ ಬಂದರೆ ಒಳಗಿನಿಂದ ಡ್ರಿಲ್ಲಿನ ಭರ್ರೆನ್ನುವ ಸದ್ದು ಕೇಳಿತು.

ಶಾಮಣ್ಣ ನುಗ್ಗಿದ. ಹಾಲಿನಲ್ಲಿ ಸ್ಟೂಲಿನ ಮೇಲೆ ವಾರಿಜಾ ನಿಂತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು, ಕೂದಲೆಲ್ಲ ಗಾರೆಯ ಧೂಳು. ಕೈಯಲ್ಲಿದ್ದುದು ವಿಷ್ಣುವಿನ ಮೆಷಿನ್ನು. ಅವಳ ಬೆರಳುಗಳು ಆ ಹಿಡಿಯನ್ನು ಸೌಟು ಹಿಡಿದಷ್ಟು ಸಲೀಸಾಗಿ ಹಿಡಿದಿದ್ದವು. ಕೊರೆದು ಮುಗಿಸಿ, ಸ್ಕ್ರೂ ತಿರುಗಿಸಿ, ತೇಗದ ಕಟ್ಟನ್ನು ಒಬ್ಬಳೇ ಎತ್ತಿ ನೇತುಹಾಕಿದಳು. ಮಾವನವರು ಗೋಡೆಯ ಮೇಲೆ ನೆಟ್ಟಗೆ, ಒಂದು ಕೂದಲೂ ವಾಲದೆ ಕೂತರು.

"ನೀವು ಹೊಸದನ್ನ ಮುಟ್ಬೇಡಿ ಅಂದ್ರಲ್ಲ, ಮುಟ್ಲಿಲ್ಲ" ಎಂದಳು ವಾರಿಜಾ. ಮುಖ ಕೆಂಪಗಾಗಿತ್ತು, ತುಂಬ ನಗುವಿತ್ತು. "ಇದು ಇಲ್ಲೇ ಬಿದ್ದಿತ್ತು. ಸುಮ್ನೆ ಹಿಡ್ದು ನೋಡ್ದೆ ರೀ. ಎಷ್ಟು ಸುಲಭ ಇದು. ಇಷ್ಟು ವರ್ಷ ಒಬ್ರೂ ನನ್ನ ಕೈಗೆ ಕೊಡ್ಲೇ ಇಲ್ವಲ್ಲ."

"ಎಲ್ಲ ಅವರಪ್ಪನ ಕೈ" ಎಂದರು ಅತ್ತೆ. ಫೋಟೊವನ್ನೂ ಮಗಳನ್ನೂ ನೋಡಿ ಕಣ್ಣೊರೆಸಿಕೊಂಡರು.

ವರ್ಷದಿಂದ ವಾರಿಜಾ ಹೀಗೆ ನಕ್ಕಿದ್ದನ್ನು ಶಾಮಣ್ಣ ನೋಡಿರಲಿಲ್ಲ. ಬೇಜಾರು ಮಾಡಿಕೊಳ್ಳಬೇಕೆಂದು ಪ್ರಯತ್ನಪಟ್ಟರೂ ಅದು ಬರಲಿಲ್ಲ.

"ಅಮ್ಮನ ರೂಮಿಗೊಂದು ಕನ್ನಡಿ ಹಾಕ್ಬೇಕು. ಇನ್ನೊಂದು ತೂತು" ಎಂದಳು ವಾರಿಜಾ.

ಶಾಮಣ್ಣನ ಮುಖ ಅರಳಿತು. "ಅದನ್ನ ನಾನು..."

"ಅಯ್ಯೋ, ಆ ಕೈ ನೋಡಿ ಹೇಗಾಗಿದೆ. ಊರೋರಿಗೆಲ್ಲ ದುಡಿದು ಬಂದಿದೀರ, ಮತ್ತೆ ನಾನು ಕೆಲಸ ಹೇಳ್ಲಾ? ತೊಳ್ಕೊಂಡು ಬಂದು, ಕೆಳಗೊಂದು ಕಾಗದ ಹಿಡ್ಕೊಳ್ಳಿ ಸಾಕು. ಅಮ್ಮನ ಹಾಸಿಗೆ ಮೇಲೆ ಧೂಳು ಬೀಳ್ಬಾರ್ದು."

ವಿಷ್ಣು ಆ ಮನೆಯಲ್ಲಿ ತೂತು ಕೊರೆದಾಗಲೆಲ್ಲ ಕೆಳಗೆ ಕಾಗದ ಹಿಡಿದವನು ಶಾಮಣ್ಣನೇ. ಆ ಕೆಲಸದಲ್ಲಿ ಅವನಿಗಿದ್ದಷ್ಟು ಅನುಭವ ಪದ್ಮನಾಭನಗರದಲ್ಲಿ ಇನ್ನೊಬ್ಬರಿಗಿರಲಿಕ್ಕಿಲ್ಲ. ಕೈ ತೊಳೆದು ಬಂದು, ಒಂದು ಹಳೆಯ ಪ್ರಶ್ನೆಪತ್ರಿಕೆಯನ್ನು ಎರಡಾಗಿ ಮಡಿಸಿ, ಹೆಂಡತಿಯ ಪಕ್ಕ ನಿಂತು ಗೋಡೆಗೆ ಒತ್ತಿ ಹಿಡಿದ.

"ಇನ್ನೂ ಸ್ವಲ್ಪ ಹತ್ರ" ಎಂದಳು ವಾರಿಜಾ. ಶಾಮಣ್ಣ ಇನ್ನೂ ಸ್ವಲ್ಪ ಹತ್ತಿರ ಹಿಡಿದ.